ಚಪ್ಪಾಳೆಗೆ ಮೊದಲಿನ ಮಾತು

ತಪ್ಪು ಮಾಡಿದವರೇ ಚಪ್ಪಾಳೆ ತಟ್ಟಬೇಕಾದ ಕೆಲಸ ಲೋಕದಲ್ಲಿ ಒಂದೇ ಇದ್ದೀತು. ಅವಳಿಗೆ ದಕ್ಕಿದ್ದು ಅದೇ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಗ್ರಂಥಾಲಯ ಅದು. ಕೆಳಗಡೆ ಕೇಳುಗರ ಹಾಲ್, ಮಹಡಿಯ ಮೇಲೆ ಸ್ಟುಡಿಯೋ. ಸ್ಟುಡಿಯೋ ಎಂದರೆ ಗಾಜಿನ ಗೋಡೆಯೊಂದು ಇಬ್ಭಾಗ ಮಾಡಿದ ಒಂದೇ ಕೋಣೆ. ಈಚೆ ಮೈಕಿನ ಮುಂದೆ ಓದುವವರು. ಆಚೆ ಕಂಪ್ಯೂಟರಿನ ಮುಂದೆ, ಓದಿದ್ದನ್ನು ಕತ್ತರಿಸಿ ಜೋಡಿಸುವವನು. ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಅವನೂ ಆ ಹೆಸರಿಗೇ ಓಗೊಡುತ್ತಿದ್ದ.

ಮೊದಲ ದಿನ ಅವಳು ಒಂದೇ ಪುಟದಲ್ಲಿ ಐದು ಸಲ ತಡವರಿಸಿ, ಐದು ಸಲವೂ ಸಾರಿ ಕೇಳಿದಳು. ಆರನೆಯದಕ್ಕೆ ಅವನು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಎದ್ದು ಬಂದ. ಬೈಯುತ್ತಾನೆಂದು ಅವಳು ಪುಸ್ತಕವನ್ನು ಎದೆಗವಚಿಕೊಂಡಳು.

"ಇಲ್ಲಿ ಕ್ಷಮೆ ಕೇಳೋ ಹಾಗಿಲ್ಲ," ಎಂದ. "ತಪ್ಪಾದ್ರೆ ಒಂದು ಚಪ್ಪಾಳೆ ತಟ್ಟಿ, ಆ ಸಾಲನ್ನ ಮತ್ತೆ ಓದಿ. ನನ್ನ ಸ್ಕ್ರೀನಿನ ಮೇಲೆ ಚಪ್ಪಾಳೆ ಉದ್ದ ಮುಳ್ಳಿನ ಹಾಗೆ ಕಾಣುತ್ತೆ. ಮುಳ್ಳಿಗೆ ಮೊದಲಿನದು ಹೋಗುತ್ತೆ, ಆಮೇಲಿನದು ಉಳಿಯುತ್ತೆ."

"ಅಷ್ಟೇನಾ?"

"ಅಷ್ಟೇ. ಬಾಳಿಗೂ ಈ ಸೌಲಭ್ಯ ಇದ್ದಿದ್ರೆ ನಾನು ಮೂರು ಹೊತ್ತೂ ತಟ್ಟುತ್ತಾ ಕೂತಿರ್ತಿದ್ದೆ."

ಅವಳು ನಕ್ಕಳು. ಅವನು ಅವಳ ಮುಖ ನೋಡಲಿಲ್ಲ. ಗಾಜಿನಾಚೆ ತನ್ನ ಸ್ಕ್ರೀನಿನತ್ತ ತಿರುಗಿ, ಆ ನಗು ಅಲೆಯಾಗಿ ಏಳುವುದನ್ನು ಕಣ್ಣು ತುಂಬ ನೋಡಿದ. ಅಲ್ಲಿಂದ ಶುರುವಾಯಿತು.

ಮೂರು ವರ್ಷ ಅವರು ಗಾಜಿನ ಎರಡು ಬದಿಯಲ್ಲಿ ಕುಳಿತರು. ಅವನ ಎಡ ಹುಬ್ಬು ಕೂದಲೆಳೆಯಷ್ಟು ಏರಿದರೆ ಉಚ್ಚಾರ ಜಾರಿದೆ ಎಂದರ್ಥ. ಅವನು ಪೆನ್ನು ಕೆಳಗಿಟ್ಟರೆ ಕಥೆಗೆ ಮನಸೋತಿದ್ದಾನೆ ಎಂದರ್ಥ. ಪೆನ್ನು ಕೆಳಗಿಳಿಯಲೆಂದೇ ಅವಳು ಎಷ್ಟೋ ಒಣ ಪುಸ್ತಕಗಳನ್ನು ಹೃದಯ ಕಿತ್ತಿಟ್ಟು ಓದಿದಳು. ನೆಗಡಿ ಬರುವುದು ಅವಳಿಗಿಂತ ಒಂದು ದಿನ ಮುಂಚೆ ಅವನಿಗೆ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಬನ್ನು ತಂದು ಮೈಕಿನ ಪಕ್ಕ ಇಟ್ಟು, "ತಿಂಡಿ ತಿಂದಿಲ್ಲ ಅಲ್ವಾ? ನಾಲ್ಕನೇ ಅಧ್ಯಾಯದಲ್ಲಿ ನಿನ್ನ ಹೊಟ್ಟೆ ನಾಯಕಿಗಿಂತ ಹೆಚ್ಚು ಮಾತಾಡಿದೆ," ಎಂದ. ನೀವು ಹೋಗಿ ನೀನು ಬಂದದ್ದು ಆ ಬನ್ನಿನ ಜೊತೆಗೆ.

ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ. ಅವಳು ಅಕ್ಕ ಭಾವನ ಮನೆಯಲ್ಲಿದ್ದಳು. ಗಾಜಿನ ಆಚೆಯವನು ಈಚೆ ಬರುವುದಕ್ಕೆ ಮುಹೂರ್ತ ನೋಡುತ್ತಿದ್ದಾನಾ ಎಂದು ಅಕ್ಕ ಈರುಳ್ಳಿ ಹೆಚ್ಚುತ್ತಾ ಚುಚ್ಚುತ್ತಿದ್ದಳು.

ಚುಚ್ಚುವುದರಲ್ಲಿ ಅಕ್ಕನದು ಹಳೆಯ ಕೈ. ತಂಗಿಗೆ ಹನ್ನೆರಡಾಗಿದ್ದಾಗ, ಅವಳು ಗುಟ್ಟಾಗಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಅಕ್ಕ ನೆಂಟರ ನಡುವೆ ಮೂಗಿನಲ್ಲಿ ರಾಗ ಎಳೆದು ಓದಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಅಕ್ಕ ಅದನ್ನು ಮರುದಿನವೇ ಮರೆತಳು. ತಂಗಿಯ ಒಳಗೆ ಮಾತ್ರ ಆ ರಾಗ ಬಿಡಾರ ಹೂಡಿತು. ಅವಳು ಒಂದು ಸಾಲು ಬರೆದರೆ ಸಾಕು, ಬೆನ್ನ ಹಿಂದೆ ನಿಂತು ಯಾರೋ ಅದನ್ನು ಮೂಗಿನಲ್ಲಿ ಓದುತ್ತಿದ್ದರು: ಬಂದಳಪ್ಪಾ ಮಹಾ ಬರೆಯೋಳು.

ಆದರೂ ಬರೆಯುತ್ತಿದ್ದಳು. ಬರೆದು ಹರಿಯುತ್ತಿದ್ದಳು. ಹರಿಯದೆ ಉಳಿದದ್ದು ಒಂದೇ ಕಥೆ.

ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಓದುವವರು ತಮ್ಮದೇ ಬರಹವೊಂದನ್ನು ರೆಕಾರ್ಡ್ ಮಾಡಬೇಕೆಂದು ತೀರ್ಮಾನವಾದಾಗ ಅವಳು ಆ ಕಥೆಯನ್ನು ತಂದಳು. ಎಂಟು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆದು ಮಾತು ಬಿದ್ದುಹೋದ ದಿನಗಳ ಕಥೆ. ಅಮ್ಮನ ಅರೆಬರೆ ಸದ್ದು ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೇ. ಅಮ್ಮ ಏನಂದಳು ಎಂದು ಮನೆಯವರೆಲ್ಲ ಅವಳನ್ನೇ ಕೇಳಬೇಕಿತ್ತು.

ಮೈಕಿನ ಮುಂದೆ ಕುಳಿತು ಓದಿದಳು: "ಕೊನೆಯ ದಿನ ಅಮ್ಮ ಅಕ್ಕನನ್ನು ಕರೆದಳು. ನನ್ನನ್ನು ಕರೆಯುತ್ತಿದ್ದಾಳೆ ಎಂದು ನಾನು ಎಲ್ಲರಿಗೂ ಹೇಳಿದೆ."

ಬೆನ್ನ ಹಿಂದೆ ಮೂಗಿನ ರಾಗ ಎದ್ದಿತು. ಅವಳು ಚಪ್ಪಾಳೆ ತಟ್ಟಿದಳು. ಮತ್ತೆ ಓದಿದಳು: "ಕೊನೆಯ ದಿನ ಅಮ್ಮ ನಮ್ಮಿಬ್ಬರನ್ನೂ ಹತ್ತಿರ ಕರೆದಳು."

ಹೀಗೇ ಸಾಗಿತು. ಒಂದು ನಿಜ, ಒಂದು ಚಪ್ಪಾಳೆ, ಅದರ ಮೇಲೊಂದು ಚೆಂದದ ಸಾಲು. ಮುಗಿದಾಗ ಅಂಗೈ ಕೆಂಪಾಗಿತ್ತು. ಯಾವುದು ಚೆನ್ನಾಗಿದೆ, ಮೊದಲು ಹೇಳಿದ್ದಾ ಆಮೇಲಿನದಾ ಎಂದು ಗಾಜಿನಾಚೆಗೆ ಕೇಳಿದಳು. ಅಷ್ಟು ದೀನವಾಗಿ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ.

ಅವನ ಪೆನ್ನು ಕೆಳಗಿತ್ತು. ಅವನು ಅದನ್ನು ಎತ್ತಿಕೊಂಡ. "ಆಮೇಲಿನದು. ಅದೇ ನೀಟಾಗಿದೆ," ಎಂದ.

ಅವಳು ನಂಬಿದಳು. ಒಳಗಿನ ರಾಗ ಗೆದ್ದು ಕಾಲು ಚಾಚಿ ಮಲಗಿತು.

ಅಲ್ಲಿ ಯಾವ ರೆಕಾರ್ಡಿಂಗ್ ಆದರೂ ಹೊರಗೆ ಹೋಗುವ ಮುಂಚೆ ಕೆಳಗಿನ ಹಾಲಿನಲ್ಲಿ ಮೇಷ್ಟ್ರ ಕಿವಿ ದಾಟಬೇಕಿತ್ತು. ಮೇಷ್ಟ್ರು ಹುಟ್ಟುಕುರುಡರು, ಸಾವಿರಾರು ಪದ್ಯ ಬಾಯಲ್ಲಿದ್ದವು. ಕೇಳಲು ಕೂರುವ ಮೊದಲು ಎಂಥ ಪುಸ್ತಕಕ್ಕಾದರೂ ಒಮ್ಮೆ ಕೈಜೋಡಿಸುತ್ತಿದ್ದರು. ಅವಳ ಹನ್ನೊಂದು ನಿಮಿಷದ ಕಥೆಗೂ ಕೈಜೋಡಿಸಿ ಕುಳಿತು, ಮುಗಿದ ಮೇಲೆ ಅವಳನ್ನು ಕರೆಸಿದರು.

"ಓದು ಸ್ವಚ್ಛವಾಗಿದೆ ಮಗಳೇ. ಕತ್ತರಿಯ ಕೆಲಸವೂ ಸ್ವಚ್ಛ," ಎಂದರು. "ಆದ್ರೆ ಪ್ರತಿ ಮಾತಿಗೂ ಮುಂಚೆ ಅಲ್ಲಿಂದ ಯಾರೋ ಎದ್ದು ಹೋದ ಹಾಗಿದೆ. ಕುರ್ಚಿ ಇನ್ನೂ ಬೆಚ್ಚಗಿದೆ. ಯಾರದು?"

ಆ ಪ್ರಶ್ನೆಯನ್ನು ಹೊತ್ತು ಅವಳು ಮೇಲೆ ಹೋದಳು. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಅವನು ಬಾಗಿಲಿಗೆ ಓರೆಯಾಗಿ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ. ಎರಡು ಹೆಜ್ಜೆ ಒಳಗಿಟ್ಟಾಗ ಹೆಡ್‌ಫೋನಿನಿಂದ ಸೋರುತ್ತಿದ್ದ ದನಿ ಕೇಳಿಸಿತು. ಅವಳದೇ ದನಿ. ಅಮ್ಮ ಅಕ್ಕನನ್ನು ಕರೆದಳು. ನನ್ನನ್ನು ಕರೆಯುತ್ತಿದ್ದಾಳೆ ಎಂದು...

ಅವನ ಮುಖ ನೋಡಿದಳು. ಒಬ್ಬ ಗಂಡಸು ತನ್ನನ್ನು ಹಾಗೆ ಪ್ರೀತಿಸುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತುಟಿ ತುಸು ಬಿರಿದಿತ್ತು. ಬೆರಳುಗಳು ಮೇಜಿನಂಚನ್ನು, ಮಗುವಿನ ತಲೆ ನೇವರಿಸುವಂತೆ, ನೇವರಿಸುತ್ತಿದ್ದವು. ಸಂತೋಷ ಒಂದು ಕ್ಷಣ ಅವಳೊಳಗೆ ಉಕ್ಕಿತು. ಮರುಕ್ಷಣ ಅಲ್ಲೇ ಕಲ್ಲಾಯಿತು.

ಅವಳು ಹೆಡ್‌ಫೋನಿನ ತಂತಿ ಎಳೆದಳು. ಅವನು ಬೆಚ್ಚಿ ತಿರುಗಿದ.

"ಎಷ್ಟಿವೆ ಇಂಥವು?"

"ನಲವತ್ತೊಂದು."

"ಇದೇ ಸರಿ ಅಂತ ಗೊತ್ತಿತ್ತಾ ನಿನಗೆ?"

"ಮೊದಲನೇ ಸಾಲಿಂದ್ಲೇ ಗೊತ್ತಿತ್ತು."

"ಮತ್ತೆ ಯಾಕೆ ಆಮೇಲಿನದು ಅಂದೆ?"

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಬೇರೆ ಪುಸ್ತಕ ಓದುವಾಗ ನಿನ್ನ ದನಿ ಊರಿಗೆಲ್ಲ ಸೇರಿದ್ದು," ಎಂದ. "ಇದು ಹಾಗಲ್ಲ. ಇದನ್ನ ಕೇಳಿದವರೆಲ್ಲ ನಿನ್ನನ್ನ ಪ್ರೀತಿಸ್ತಾರೆ ಅನ್ನಿಸ್ತು. ನನಗೊಬ್ಬನಿಗೇ ಇರಲಿ ಅಂತ ಇಟ್ಕೊಂಡೆ. ನೀನೇ ಚಪ್ಪಾಳೆ ತಟ್ಟಿದ್ದೆ. ನಾನು ಕಿತ್ಕೊಳ್ಳಲಿಲ್ಲ, ನೀನು ಬಿಸಾಕಿದ್ದನ್ನ ಆರಿಸ್ಕೊಂಡೆ." ಆಮೇಲೆ, ಮೂರು ವರ್ಷ ಆಡದ ಮಾತನ್ನು ಆಡಿದ. "ನಿನ್ನನ್ನ ಪ್ರೀತಿಸ್ತೀನಿ. ಮದುವೆ ಆಗೋಣ."

ಈ ಮಾತಿಗಾಗಿ ಅವಳು ಎಷ್ಟು ಸಂಜೆ ಬಸ್ಸು ಬಿಟ್ಟು ನಡೆದೇ ಮನೆಗೆ ಹೋಗಿದ್ದಳೋ, ಜೊತೆಗೆ ಬಂದಾನೇನೋ ಎಂದು.

ಅವನು ಆಗಲೇ ಕುರ್ಚಿ ಎಳೆದುಕೊಂಡು, ಒಂದು ಗಂಟೆ ಕೊಟ್ಟರೆ ಎಲ್ಲವನ್ನೂ ವಾಪಸ್ಸು ಜೋಡಿಸಿಕೊಡುವುದಾಗಿ ಹೇಳುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಒಳಗಿನ ರಾಗವನ್ನು ಅವಳು ಇಷ್ಟು ದಿನ ಹೆದರಿ ಪಾಲಿಸಿದ್ದು, ಅದು ಕಟುವಾದರೂ ಸತ್ಯ ಹೇಳುತ್ತದೆ ಎಂದು ನಂಬಿ. ಈಗ ಕಣ್ಣೆದುರು ಒಬ್ಬ ಕೂತಿದ್ದ. ಒಳ್ಳೆಯದನ್ನು ಕೆಟ್ಟದ್ದೆಂದು ಹೇಳಿ ತನಗಾಗಿ ಬಚ್ಚಿಟ್ಟುಕೊಂಡವನು. ಒಳಗಿನದೂ ಹಾಗೇ ಏನನ್ನೋ ಬಚ್ಚಿಡುತ್ತಿತ್ತಲ್ಲವೇ? ಅದು ಕಾಯುತ್ತಿದ್ದದ್ದು ಅವಳ ಮಾನವನ್ನಲ್ಲ; ಎಂಟು ವರ್ಷದ ಒಂದು ಸುಳ್ಳನ್ನು. ಅಮ್ಮ ತನ್ನನ್ನು ಕೊನೆಗೂ ಕರೆಯಲಿಲ್ಲ ಎಂದು ಅಕ್ಕ ಈರುಳ್ಳಿಯ ನೆಪದಲ್ಲಿ ಅಳುವಂತೆ ಮಾಡಿದ ಸುಳ್ಳನ್ನು.

"ಅಳಿಸಿ," ಎಂದಳು.

ನೀನು ಹೋಗಿ ಮತ್ತೆ ನೀವು ಬಂದದ್ದು ಅವನ ಕಿವಿಗೆ ತಕ್ಷಣ ತಾಕಿತು. ಬೇಡ ಎಂದ. ಬೇಕಾದರೆ ಅವಳಿಗೇ ಕೊಟ್ಟುಬಿಡುತ್ತೇನೆ ಎಂದ. ಅವಳು ಅವನ ಕುರ್ಚಿಯ ಹಿಂದೆ ನಿಂತು ಒಂದೊಂದಾಗಿ ಅಳಿಸಲು ಹೇಳಿದಳು. ಒಟ್ಟಿಗೆ ಅಳಿಸಬಹುದಿತ್ತು. ಒಂದೊಂದಾಗಿಯೇ ಅಳಿಸಬೇಕೆಂದಳು. ಅವನ ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ, ಒಂದು ಸಣ್ಣ ಮಚ್ಚೆಯಿತ್ತು. ಮೂರು ವರ್ಷ ಗಾಜಿನಾಚೆಗೆ ಕಾಣದಿದ್ದದ್ದು. ಅದನ್ನು ಬೆರಳಿಂದ ಮುಟ್ಟಬೇಕೆಂಬ ಆಸೆಯಾಯಿತು. ಅವಳು ಕೈ ಕಟ್ಟಿಕೊಂಡಳು. ಅವನ ಹೆಗಲು ಕುಸಿಯುತ್ತಾ ಹೋದದ್ದನ್ನು ಕಂಡು ಅವಳಿಗೆ ಸಣ್ಣ ಸುಖವೂ ಆಯಿತು. ಆದದ್ದನ್ನು ಅವಳು ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ.

ಕೊನೆಯದರ ಮೇಲೆ ಅವನ ಬೆರಳು ನಿಂತಿತು.

"ಇದರಲ್ಲಿ ಮಾತೇ ಇಲ್ಲ. ಓದೋಕೆ ಮುಂಚೆ ನೀವು ಎಳೆದುಕೊಂಡ ಉಸಿರು, ಅಷ್ಟೇ. ಇದೊಂದು ಇರಲಿ."

"ಕೇಳಬೇಕು ಅನ್ನಿಸಿದ್ರೆ ಹಾಲಿಗೆ ಬನ್ನಿ. ಎಲ್ಲರ ಜೊತೆ ಕೂತು ಕೇಳಿ."

ಅವನು ಅಳಿಸಿದ.

ವಾರ್ಷಿಕೋತ್ಸವದ ಬೆಳಿಗ್ಗೆ ಅವಳು ರೆಕಾರ್ಡಿಂಗ್ ಬೇಡವೆಂದು, ಹಾಲಿನಲ್ಲಿ ಎದುರಿಗೇ ಕುಳಿತು ಓದುತ್ತೇನೆಂದಳು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೈಜೋಡಿಸಿ ಕುಳಿತರು. ಕಥೆ ಯಾವುದೆಂದು ಹೇಳದೆ ಅಕ್ಕನನ್ನೂ ಕರೆದಿದ್ದಳು. ಹೇಳಿ ಕರೆಯುವಷ್ಟು ಧೈರ್ಯವಿರಲಿಲ್ಲ. ಕರೆಯದಿರುವಷ್ಟು ಹೇಡಿತನವೂ ಉಳಿದಿರಲಿಲ್ಲ. ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನಿನ್ನ ಕಥೆಗೆ ನಿದ್ದೆ ಬಂದರೆ ಒರಗಲು ಗೋಡೆ ಪಕ್ಕದ ಕುರ್ಚಿಯೇ ಇರಲಿ ಎಂದಿದ್ದಳು. ಅವನು ಕೊನೆಯ ಸಾಲಿನಲ್ಲಿದ್ದ.

ಓದಲು ಬಾಯಿ ತೆರೆದಾಗ ಬೆನ್ನ ಹಿಂದೆ ರಾಗ ಎದ್ದಿತು, ಎಂದಿನಂತೆ. ಅದು ಎದ್ದುಕೊಂಡೇ ಇರಲಿ ಎಂದು ಬಿಟ್ಟು ಅವಳು ಓದಿದಳು. ದನಿ ಎರಡು ಕಡೆ ಒಡೆಯಿತು. ಒಂದು ಸಾಲು ತಪ್ಪಿತು. ತಪ್ಪಿದ್ದು ತಪ್ಪಿದಂತೆಯೇ ಇದ್ದು, ಕಥೆ ಮುಂದೆ ಹೋಯಿತು. ಕೊನೆಯ ದಿನ ಅಮ್ಮ ಅಕ್ಕನನ್ನು ಕರೆದಳು ಎಂಬಲ್ಲಿಗೆ ಬಂದಾಗ ಗೋಡೆಯ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು, ಯಾರ ಮುಖವನ್ನೂ ನೋಡದೆ, ಹೊರಗೆ ನಡೆದಳು. ತಂಗಿ ನೋಡಿದಳು. ನಿಲ್ಲಿಸಲಿಲ್ಲ. ಕೊನೆಯ ಪದದವರೆಗೆ ಓದಿದಳು.

ಆಮೇಲೆ ಜನ ಸುತ್ತುವರಿದರು. ಒಬ್ಬರು ಅತ್ತರು. ಒಬ್ಬ ಅಜ್ಜಿ, ನಡುವೆ ಸ್ವಲ್ಪ ಎಳೆದೆ ಕಣಮ್ಮಾ ಎಂದರು. ಅವಳು ತಲೆಯಾಡಿಸಿದಳು, ಎಳೆದದ್ದು ನಿಜ. ಜನ ಸರಿದ ಮೇಲೆ ಅವನು ಹತ್ತಿರ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ತುಂಬಾ ಚೆನ್ನಾಗಿತ್ತು," ಎಂದ.

ಆ ಒಂದು ಮಾತಿಗೆ ಅವಳು ಮೂರು ವರ್ಷ ಹಸಿದಿದ್ದಳು. ಈಗ ಬಂತು, ತಟ್ಟೆ ತುಂಬ ಬಂತು. ಅವಳಿಗೆ ಹಸಿವೇ ಇರಲಿಲ್ಲ. ಅದು ಅವನಿಗೂ ಅವಳ ಮುಖದಲ್ಲೇ ಕಂಡಿತು. ಅವನು ಇನ್ನೇನನ್ನೂ ಕೇಳಲಿಲ್ಲ. ಅಕ್ಕ ಹೊರಗಿನ ಮೆಟ್ಟಿಲ ಮೇಲಿದ್ದಾರೆ ಎಂದಷ್ಟೇ ಹೇಳಿದ.

ಅಕ್ಕ ಬೀದಿಗೆ ಮುಖ ಮಾಡಿ ಕುಳಿತಿದ್ದಳು. ತಂಗಿ ಹೋಗಿ ಒಂದು ಮೆಟ್ಟಿಲು ಕೆಳಗೆ ಕುಳಿತಳು. ಅಕ್ಕ ಹೊಡೆಯಬಹುದೆಂದುಕೊಂಡಳು, ಹೊಡೆಯಲೆಂದೂ ಬಯಸಿದಳು. ಅಕ್ಕ ಬಸ್ಸುಗಳಿಂದ ಕಣ್ಣು ತೆಗೆಯಲಿಲ್ಲ.

"ಎಂಟು ವರ್ಷ ಕಣೇ," ಎಂದಳು. "ನಿನ್ನನ್ನ ಕ್ಷಮಿಸ್ತೀನಿ ಅಂತ ಅಂದ್ಕೋಬೇಡ."

"ಇಲ್ಲ."

"ಹೇಗೆ ಕರೆದಳು? ಅದನ್ನ ಹೇಳು. ಕಥೇಲಿ ಬರೆದ ಹಾಗಲ್ಲ. ಅಮ್ಮ ಕರೆದ ಹಾಗೆ."

ಅವನು ಬಾಗಿಲಲ್ಲಿ ನಿಂತಿದ್ದ. ಅವಳು ಬೆನ್ನು ನೆಟ್ಟಗೆ ಮಾಡಿ ಉಸಿರು ಎಳೆದುಕೊಳ್ಳುವುದನ್ನು ಕಂಡ. ಆ ಉಸಿರಿನ ಆಚೆಗೆ ಏನು ಬರುವುದೋ ಅದನ್ನು ಕೇಳಲು ತನ್ನ ಉಳಿದ ಆಯುಷ್ಯವನ್ನು ಕೊಟ್ಟುಬಿಡುತ್ತಿದ್ದ.

ಅವಳು ತಿರುಗಿ ಒಮ್ಮೆ ಅವನನ್ನು ನೋಡಿದಳು. ಕೋಪವಿರಲಿಲ್ಲ, ಕರೆಯೂ ಇರಲಿಲ್ಲ. ಅವನು ಹಿಂದೆ ಸರಿದು, ಸದ್ದಾಗದ ಹಾಗೆ, ಬಾಗಿಲು ಮುಚ್ಚಿಕೊಂಡ.