ಸ್ಕೋಪಿನ ಪೆಟ್ಟಿಗೆಯಲ್ಲಿ ಮುಳ್ಳುಸೌತೆ

ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಮುಳ್ಳುಸೌತೆ.

ರೈಫಲ್ ಸ್ಕೋಪಿಗೆಂದು, ಅಂದರೆ ಗುರಿ ಹಿಡಿಯುವ ದುರ್ಬೀನಿಗೆಂದು, ಸ್ಪಂಜಿನಲ್ಲಿ ಕೊರೆದ ಗುಳಿಯಲ್ಲಿ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಮಲಗಿತ್ತು. ಶೈಲೇಶರ ಮುಖ ಬಿಳಿಚಿಕೊಂಡಿತು.

"ಯಶೂ, ಇಲ್ಲಿ ಬಾ. ಎಂತ ಇದು?"

ಮಗಳು ಯಶ್ಮಿತಾ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಂದಳು. ಕಾಲೇಜಿಗೆ ರಜೆ. ಬಗ್ಗಿ ನೋಡಿದಳು.

"ಸೌತೆ, ಪಪ್ಪ."

"ಅದು ನನಗೂ ಗೊತ್ತುಂಟು. ಸ್ಕೋಪ್ ಎಲ್ಲಿ?"

ಶೈಲೇಶ್ ಕೊಲ್ಲಿ ನಾಡಿನ ರುಸ್ತಾಕ್‌ನ ಶೂಟಿಂಗ್ ಸಾಮಾನಿನ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ಇವರ ಮನೆಯಿರುವ ಅಲ್ ಹೈಲ್‌ನಲ್ಲೇ ಇರುವ ಸುಹೈಲಾ ಎಂಬ ಗಿರಾಕಿಗೆ ಅವಳ ಅಜ್ಜನ ಬೇಟೆ ರೈಫಲ್‌ಗೆ ಸ್ಕೋಪ್ ಬೇಕಿತ್ತು. ಹಳೇ ಲಿವರ್ ಆಕ್ಷನ್, ಪ್ರತಿ ಗುಂಡಿಗೂ ಕೆಳಗಿನ ಹಿಡಿ ಎಳೆಯುವಂಥದ್ದು. ಈಗ ಅದರಲ್ಲಿ ಅವಳು ಗುರಿ ಸ್ಪರ್ಧೆಗೆ ಇಳಿಯುವವಳು. ಆರಿಸಿಕೊಳ್ಳಲಿ ಎಂದು ಶೈಲೇಶ್ ಎರಡು ಸ್ಕೋಪುಗಳನ್ನು ಮನೆಗೆ ತಂದಿದ್ದರು. ಇನ್ನೊಂದು ಗಂಟೆಯಲ್ಲಿ ಅವಳು ಬರುತ್ತಾಳೆ.

"ಒಂದು ಕಾಣೆ ಅಂದ್ರೆ ವೀಸಾ ಕೊಟ್ಟ ಧಣಿ, ಆ ಕಫೀಲ್, ನನ್ನನ್ನು ಸೀದಾ ಮಂಗಳೂರಿನ ವಿಮಾನ ಹತ್ತಿಸ್ತಾನೆ," ಎಂದು ಸೋಫಾದಲ್ಲಿ ಕುಸಿದರು.

"ಕಳ್ಳ ಬಂದಿರ್ಬೇಕು," ಅಡಿಗೆಮನೆಯಿಂದ ಲೋಲಾಕ್ಷಿ ಅಜ್ಜಿ ಹೇಳಿದರು. ಮುಂದೆ ನೀರುದೋಸೆಯ ರಾಶಿ.

"ಬಾಗಿಲು ಒಡೆದಿಲ್ಲ, ಅಜ್ಜಿ."

"ಈಗಿನ ಕಳ್ಳರಿಗೆ ಬಾಗಿಲು ಎಂತಕ್ಕೆ?"

ಯಶ್ಮಿತಾ ಫ್ರಿಜ್ ತೆರೆದಳು. ನಿನ್ನೆ ಅವಳೇ ತಂದಿದ್ದ ಸೌತೆಗಳಲ್ಲಿ ಒಂದು ಕಡಿಮೆ. ಕಳ್ಳ ಹೊರಗಿನವನಲ್ಲ. ಆಮೇಲೆ ಇನ್ನೊಂದು ಪೆಟ್ಟಿಗೆ ಬಿಚ್ಚಿದಳು. ದುಬಾರಿ ಸ್ಕೋಪ್ ಹಾಗೇ ಇತ್ತು. ಹೋದದ್ದು ಅಗ್ಗದ್ದು.

ಇದ್ಯಾವ ಸೀಮೆಯ ಕಳ್ಳತನ?

* * *

ಮೊದಲ ಸಂಶಯ ಪಕ್ಕದ ಫ್ಲ್ಯಾಟಿನ ಓಲ್ವಿನ್ ಮೇಲೆ. ನಿನ್ನೆ ಸಂಜೆ ಬಂದವನು ಎರಡೂ ಸ್ಕೋಪುಗಳನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ದುಬಾರಿಯದನ್ನು ಕಣ್ಣಿಗೆ ಒತ್ತಿ ಮುಖ ಹುಳ್ಳಗೆ ಮಾಡಿದ್ದ.

"ಇದರಲ್ಲಿ ಎಂತದೂ ಕಾಣುದಿಲ್ಲ ಅಂಕಲ್. ಬರೀ ಕಪ್ಪು."

"ಅದು ಕಣ್ಣಿಗೆ ಒತ್ತುದಲ್ಲ ಮಾರಾಯ," ಪಪ್ಪ ವಿವರಿಸಿದ್ದರು. "ಆ ಹಳೇ ರೈಫಲ್ ಲಿವರ್ ಎಳೆದ್ರೆ ಖಾಲಿ ತೋಟಾ ಮೇಲಕ್ಕೆ ಹಾರ್ತದೆ. ನೆತ್ತಿ ಮೇಲೆ ಸ್ಕೋಪ್ ಕೂತ್ರೆ ಅದಕ್ಕೇ ಬಡೀತದೆ. ಹಾಗಾಗಿ ಇದನ್ನು ಮುಂದೆ, ನಳಿಗೆ ಮೇಲೆ ಕೂರಿಸುದು. ಕಣ್ಣು ಒಂದು ಗೇಣಿಗಿಂತ ದೂರ ಇದ್ರೆ ಮಾತ್ರ ಕಾಣುದು. ಇನ್ನೊಂದು ಸಾದಾ. ಪಕ್ಕಕ್ಕೆ ತೂತು ಕೊರೆದು ಕೂರಿಸ್ಬೇಕು, ಕಣ್ಣಿಂದ ನಾಲ್ಕು ಬೆರಳು ಸಾಕು."

ಅಜ್ಜಿ ಅಲ್ಲೇ ಕೂತು ಬಸಳೆ ಸೋಸುತ್ತಿದ್ದರು. ಹೊಟ್ಟೆ ಭಾರ ಎಂದು ಮಧ್ಯಾಹ್ನ ಊಟ ಬಿಟ್ಟಿದ್ದರು. ಹೊರಗೆ ಧೂಳಿಗೆ ಎದುರಿನ ಕಟ್ಟಡವೂ ಮಸುಕಾಗಿತ್ತು.

ಈಗ ಯಶ್ಮಿತಾ ಪಕ್ಕದ ಬೆಲ್ ಒತ್ತಿದಳು. ಓಲ್ವಿನ್‌ನ ತಾಯಿ ಇಸಾಬೆಲ್ಲಾ ಬಾಗಿಲು ತೆಗೆದರು. ಮುಖದಲ್ಲಿ ಹಬ್ಬದ ಕಳೆ.

"ಓಲ್ವಿನ್ ಉಂಟಾ ಆಂಟಿ?"

"ನಿಮ್ಮಲ್ಲಿಂದ ಬಂದವ ಸೀದಾ ಸುವೈಕ್‌ಗೆ ಹೋದ, ಕ್ರಿಕೆಟ್ ಅಂತೆ. ಇನ್ನೂ ಬರ್ಲಿಲ್ಲ. ಅದಿರ್ಲಿ, ಬಾ ಇಲ್ಲಿ." ಆಂಟಿ ದನಿ ತಗ್ಗಿಸಿದರು. "ನಿನ್ನೆ ಒಂದು ಅದ್ಭುತ ನೋಡಿದೆ. ಚಂದ್ರನ ಮೇಲೆ ಶಿಲುಬೆ."

"ಎಲ್ಲಿಂದ?"

"ಟೆರೇಸಿಂದ." ತಕ್ಷಣ ನಾಲಿಗೆ ಕಚ್ಚಿಕೊಂಡರು. "ಸಾಯ್ಬಾ, ದೇವರೇ. ಮುಂದೆ ಕೇಳ್ಬೇಡ, ಮಾತು ಕೊಟ್ಟಿದ್ದೇನೆ."

ಯಶ್ಮಿತಾಳ ಕಿವಿ ನೆಟ್ಟಗಾಯಿತು.

"ಒಂದೇ ಪ್ರಶ್ನೆ ಆಂಟಿ. ಶಿಲುಬೆಯ ಅಡ್ಡಗೆರೆ ಮೇಲೆ ಇತ್ತಾ, ನಡುವಿಗೆ ಇತ್ತಾ?"

ಆಂಟಿ ಯೋಚಿಸಿದರು. "ಸರೀ ನಡುವಿಗೆ."

"ಇಗರ್ಜಿಯಲ್ಲಿ?"

"ಅಲ್ಲಿ ಸ್ವಲ್ಪ ಮೇಲೆ." ಆಂಟಿಯ ಮುಖದ ಹಬ್ಬ ಅರ್ಧ ಇಳಿಯಿತು.

* * *

ಯಶ್ಮಿತಾ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಊಟದ ಮೇಜಿಗೆ ಬಂದಳು. ಪಪ್ಪ ಕಫೀಲ್‌ಗೆ ಫೋನ್ ಮಾಡಲೆಂದು ಎದ್ದಿದ್ದರು.

"ಕೂತ್ಕೊಳ್ಳಿ ಪಪ್ಪ. ಕಳ್ಳರು ಸಿಕ್ಕಿದ್ರು."

ಅಜ್ಜಿಯ ಕೈಯ ದೋಸೆ ಅಲ್ಲೇ ನಿಂತಿತು.

"ದುಡ್ಡಿಗಾಗಿ ಕದ್ದವನು ದುಬಾರಿದು ಕೊಂಡೋಗ್ತಿದ್ದ. ಇವ್ರು ಅದನ್ನು ಮುಟ್ಲೇ ಇಲ್ಲ. ಅದರಲ್ಲಿ ಬರೀ ಕಪ್ಪು ಅಂತ ನಿನ್ನೆ ಕೇಳಿಸಿಕೊಂಡಿದ್ರು. ಅಂದ್ರೆ ಇವ್ರಿಗೆ ರೈಫಲಿನ ಹಂಗೇ ಇಲ್ಲ. ಕೈಯಲ್ಲಿ ಹಿಡಿದು ಎಂತದೋ ದೂರದ್ದು ನೋಡ್ಬೇಕಿತ್ತು."

"ಎಂತದು?" ಪಪ್ಪ ಕೇಳಿದರು.

"ಚಂದ್ರ. ನಿನ್ನೆ ಸಂಕಷ್ಟಿ. ಚಂದ್ರನನ್ನು ನೋಡದೆ ಊಟ ಇಲ್ಲ. ಧೂಳಿಗೆ ಚಂದ್ರ ಸರಿಯಾಗಿ ಕಾಣುದಿಲ್ಲ. ಇಸಾಬೆಲ್ಲಾ ಆಂಟಿಗೆ ಕಂಡ ಶಿಲುಬೆ ಸ್ಕೋಪಿನ ಒಳಗೆ ಸರೀ ನಡುವಿಗೆ ಕೂಡುವ ಗುರಿಗೆರೆ. ಅಲ್ವಾ ಅಜ್ಜಿ?"

ಅಜ್ಜಿ ದೋಸೆಯನ್ನು ತಟ್ಟೆಗಿಟ್ಟು ಸೆರಗು ಸರಿಮಾಡಿಕೊಂಡರು.

"ಅಮ್ಮಾ," ಪಪ್ಪ ನಿಧಾನಕ್ಕೆ ಕೇಳಿದರು, "ಶುಗರ್ ಉಂಟು, ಉಪವಾಸ ಬಿಡ್ತೇನೆ ಅಂತ ನನ್ನ ತಲೆ ಮುಟ್ಟಿ ಆಣೆ ಹಾಕಿದ್ದು ಯಾರು?"

"ನಾನೇ," ಎಂದರು ಅಜ್ಜಿ. "ಅದಕ್ಕೇ ನಿನಗೆ ಹೇಳ್ಲಿಲ್ಲ. ಗಣಪತಿಗೆ ನಲ್ವತ್ತು ವರ್ಷ ಹಿಂದೆ ಮಾತು ಕೊಟ್ಟದ್ದು, ನಿನಗೆ ಕೊಟ್ಟದ್ದು ಮೊನ್ನೆ. ನೀನು ಸ್ನಾನಕ್ಕೆ ಹೋದಾಗ ತೆಗೆದೆ. ಪೆಟ್ಟಿಗೆ ಹಗುರ ಆಗ್ಬಾರ್ದು ಅಂತ ಸೌತೆ ಇಟ್ಟೆ. ವಾಪಸ್ ಇಡುವಾ ಅಂತ ಬಂದ್ರೆ ನೀನು ಪೆಟ್ಟಿಗೆ ಬದಿಯಲ್ಲೇ ಸೋಫಾದಲ್ಲಿ ಗೊರಕೆ. ಹಾಗಾಗಿ ಟೆರೇಸಿಗೆ ಜೊತೆ ಬಂದಿದ್ದ ಇಸಾಬೆಲ್ಲಾಳ ಕೈಗೆ ಕೊಟ್ಟೆ."

ಅಷ್ಟರಲ್ಲಿ ಇಸಾಬೆಲ್ಲಾ ಆಂಟಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಟವೆಲ್ ಸುತ್ತಿದ ಸ್ಕೋಪ್.

"ಅಕ್ಕಿ ಡಬ್ಬಿಯಲ್ಲಿಟ್ಟಿದ್ದೆ," ಎಂದರು. "ಗೀರು ಬೀಳ್ಲಿಲ್ಲ."

ಪಪ್ಪನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ನಗುವೇ ಗೆದ್ದಿತು.

* * *

ಸುಹೈಲಾ ಹೇಳಿದ ಹೊತ್ತಿಗೆ ಬಂದಳು. ದುಬಾರಿಯದನ್ನು ಕೈ ಚಾಚಿ ಹಿಡಿದು ಕಿಟಕಿಯಾಚೆ ನೋಡಿದಳು. ಆಮೇಲೆ ಸಾದಾ ಸ್ಕೋಪ್ ಎತ್ತಿದಳು. ಅದರ ರಬ್ಬರ್ ಅಂಚಿನಲ್ಲಿ ಕೆಂಪು ಕಂಡು ಹುಬ್ಬೇರಿಸಿದಳು. ಅಜ್ಜಿಯ ಹಣೆಯ ಕುಂಕುಮ.

"ಟೆಸ್ಟಿಂಗ್ ಮಾರ್ಕ್, ಮ್ಯಾಡಂ," ಎಂದರು ಪಪ್ಪ ಗಂಭೀರವಾಗಿ.

ಅವಳು ದುಬಾರಿಯದನ್ನೇ ಆರಿಸಿದಳು. ಅಜ್ಜನ ರೈಫಲಿನ ಪಕ್ಕೆಗೆ ತೂತು ಕೊರೆಯಲು ಮನಸ್ಸಿಲ್ಲವಂತೆ. ವ್ಯಾಪಾರ ಮುಗಿಯಿತು ಎಂಬಂತೆ "ಖಲಾಸ್," ಎಂದು ನಗುತ್ತಾ ಹೊರಟಳು.

ಪಪ್ಪನ ಕೆಲಸ ಉಳಿಯಿತು. ಮುಂದಿನ ಸಂಕಷ್ಟಿಗೆ ಹೊಸ ಒಪ್ಪಂದವೂ ಆಯಿತು. ಗುಟ್ಟು ಇಲ್ಲ, ಹೊಟ್ಟೆಗೆ ಹಾಲು ಹಣ್ಣು, ಶುಗರ್ ನೋಡುವ ಕೆಲಸ ಯಶ್ಮಿತಾಳದ್ದು.

ಇಸಾಬೆಲ್ಲಾ ಆಂಟಿ ಮಾತ್ರ ಫೋನ್ ನೋಡುತ್ತಾ ಕೂತಿದ್ದರು. "ಪ್ರಾರ್ಥನೆ ಗ್ರೂಪಿಗೆ ಬೆಳಿಗ್ಗೆಯೇ ಹಾಕಿಯಾಗಿದೆ. ಎಲ್ಲರೂ ಆಮೆನ್ ಅಂದಿದ್ದಾರೆ. ಈಗ ಎಂತ ಹೇಳುದು?"

ಅಜ್ಜಿ ಸಾಕ್ಷಿಯ ಸೌತೆಯನ್ನು ಹೆಚ್ಚುತ್ತಿದ್ದರು.

"ಕಂಡದ್ದು ಸುಳ್ಳಲ್ಲ ತಾನೆ? ನನಗೆ ಚಂದ್ರ ಸಿಕ್ಕಿದ, ನಿನಗೆ ಶಿಲುಬೆ ಸಿಕ್ತು," ಎಂದು ಉಪ್ಪು ಹಚ್ಚಿದ ಹೋಳು ಚಾಚಿದರು. "ಬಾಯಿ ಮುಚ್ಚಿ ಸೌತೆ ತಿನ್ನು."