ರಜೆಯಲ್ಲಿ ಬಡಿದ ಎದೆ

"ಮಿಷನ್ ಕಟ್ಕೊಂಡು ಮನೇಲಿ ಮಲಗಿದ್ರಾ?"

ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದ ಅವಳ ಸಿಟ್ಟು ನೆತ್ತಿಗೇರಿತು. ಎದುರಿಗೆ ಕೂತಿದ್ದವನು ದೊಡ್ಡ ಹೋಟೆಲೊಂದರ ಮುಖ್ಯ ಬಾಣಸಿಗ. ಎದೆಬಡಿತ ದಾಖಲಿಸುವ ಪುಟ್ಟ ಯಂತ್ರವನ್ನು ನಿನ್ನೆ ಅವಳೇ ಅವನಿಗೆ ಅಂಟಿಸಿ, ಎಂದಿನಂತೆ ಕೆಲಸ ಮಾಡಿ ಎಂದು ಕಳಿಸಿದ್ದಳು.

"ವೈರು ನೇತಾಡಿಸ್ಕೊಂಡು ಅಡುಗೆಮನೆಗೆ ಬರ್ಬೇಡ ಅಂದ್ರು ಓನರ್. ರಜೆ ಸಿಕ್ತಲ್ಲ ಅಂತ ಚೆನ್ನಾಗಿ ನಿದ್ದೆ ಹೊಡ್ದೆ."

"ಎದೆ ಹಿಂಡೋದು ಯಾವಾಗ?"

"ಅಡುಗೆಮನೇಲಿ... ಅವರು ಬೈದಾಗ."

"ಮತ್ತೆ ಹಾಸಿಗೇಲಿ ಏನು ಸಿಗುತ್ತೆ, ಗೊರಕೆನಾ?"

ಅವನು ನಕ್ಕ. ಅವಳು ನಗಲಿಲ್ಲ. ಅವಳ ಅಣ್ಣನೂ ಹೀಗೇ 'ಏನಿಲ್ಲ ಬಿಡೇ' ಎನ್ನುತ್ತಲೇ ಆಫೀಸಿನ ಕುರ್ಚಿಯಲ್ಲಿ ಕುಸಿದಿದ್ದ.

ಡಾಕ್ಟರನ್ನು ಕೇಳಿ ಅವಳು ಯಂತ್ರವನ್ನು ಮತ್ತೆ ಅಂಟಿಸಿದಳು. 'ಇವಳಿಗೆ ನನ್ನ ಕಂಡರೆ ಆಗುವುದಿಲ್ಲ' ಎಂದುಕೊಂಡೇ ಅವನು ವೈರನ್ನು ಅಂಗಿಯೊಳಗೆ ಅಡಗಿಸಿಕೊಂಡು ಕೆಲಸಕ್ಕೆ ಹೋದ.

ಮರುದಿನ ಪರದೆಯ ಮೇಲೆ ಅವನ ಎದೆಬಡಿತ ದಿಕ್ಕೆಟ್ಟು ಓಡಿತ್ತು. ಒತ್ತಡಕ್ಕೆ ಹೃದಯ ಸೋತಿದೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ ಎಂದ ಡಾಕ್ಟರ್, ಅವನನ್ನು ಅಲ್ಲೇ ಸೇರಿಸಿಕೊಂಡರು.

ಅವನು ವಾರ್ಡಿನಲ್ಲಿದ್ದಷ್ಟು ದಿನವೂ ಕೆಲಸ ಮುಗಿಸಿ ಅವಳು ಅವನ ಪಕ್ಕದಲ್ಲಿ ಹೋಗಿ ಕೂರುತ್ತಿದ್ದಳು. ಕೇಳಿದವರಿಗೆಲ್ಲ ಒಂದೊಂದು ನೆಪ ಹೇಳುತ್ತಿದ್ದಳು. ಇದೇನು ಬಂತು ನನಗೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಸಂಜೆ ಮಾಲೀಕ ಬಂದ. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಯಾವಾಗ ಬರ್ತೀಯ? ಪಾರ್ಟಿ ಆರ್ಡರ್ ಇದೆ. ಎರಡು ಮಾತು ಬೈದಿದ್ದಕ್ಕೆ ಯಾರಾದ್ರೂ ಸಾಯ್ತಾರೇನಯ್ಯಾ?"

ಅವಳು ಎದ್ದು ನಿಂತಳು. ಮಾಲೀಕನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಸಾಯ್ತಾರೆ ಸರ್. ದಿನಾ ಬೈಸ್ಕೊಂಡು, ದಿನಾ ನುಂಗ್ಕೊಂಡು ಸಾಯ್ತಾರೆ. ನಮ್ಮಣ್ಣ ಸತ್ತ. ಅವತ್ತೂ ಅವರ ಆಫೀಸಿಂದ ಫೋನ್ ಬಂತು, ನಾಳೆ ಬರ್ತಾನಾ ಅಂತ."

 ಹಾಸಿಗೆಯಲ್ಲಿದ್ದ ಅವನು ಮೆಲ್ಲನೆ ದಿಂಬಿಗೆ ಒರಗಿ ಕೂತ.

"ನಾನು ಇನ್ನು ಬರಲ್ಲ ಓನರೇ. ಬೇರೆಯವರನ್ನ ನೋಡ್ಕೊಳ್ಳಿ."

ಮಾಲೀಕ ಗೊಣಗುತ್ತಾ ಹೋದ. ಅವಳ ಕಣ್ಣು ಆಗ ತುಂಬಿ ಬಂತು.

"ಅಷ್ಟು ಸಿಟ್ಟೂ ನನ್ನ ಮೇಲೇನೇ ಅಂದ್ಕೊಂಡಿದ್ದೆ..." ಎಂದ ಅವನು.

"ನಿಮ್ಮ ಮೇಲೂ ಇದೆ. ಹೋಗೋ ಹಾಗೆ ಕಾಣ್ತಿಲ್ಲ."

"ಹಾಗಾದ್ರೆ ಜೀವನಪೂರ್ತಿ ಬೈತೀರಾ?"

ಅವಳು ಕಣ್ಣೊರೆಸಿಕೊಂಡಳು.

"ಎದೆ ಹಿಂಡಿದ್ರೆ ಮುಚ್ಚಿಡದೆ ಹೇಳ್ತೀರಾ?"

"ನಿಮಗೇ ಮೊದಲು ಹೇಳ್ತೀನಿ."

"ಸರಿ... ಬೈತೀನಿ."