ಹದೀಲ್ ಬರೆಯದೆ ಬಿಟ್ಟ ಸಾಲು

ನನ್ನ ಪ್ರೇಮ ಶುರುವಾದದ್ದು ಮೇಕೆಗಳ ಕಾಯಿಲೆಯಿಂದ. ನಗಬೇಡಿ.

ಇರ್ಬಿದ್‌ನಲ್ಲಿ ಯೂನಿವರ್ಸಿಟಿಯ ಗೇಟಿನ ಎದುರು ನಮ್ಮದೊಂದು ಜೆರಾಕ್ಸ್ ಅಂಗಡಿ. ಮೇಷ್ಟರುಗಳ ಪಾಠದ ನೋಟ್ಸನ್ನು ಪ್ರತಿ ಮಾಡಿ, ಸ್ಪೈರಲ್ ಹಾಕಿ ಮಾರುವುದು ನನ್ನ ಕೆಲಸ. ಪರೀಕ್ಷೆಯ ವಾರ ಬಂತೆಂದರೆ ಕೌಂಟರಿನ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅಂಥದೊಂದು ಮಧ್ಯಾಹ್ನ ಹಸಿರು ಸ್ಕಾರ್ಫಿನ ಹುಡುಗಿಯೊಬ್ಬಳು ಗುಂಪನ್ನು ಸೀಳಿಕೊಂಡು ಬಂದು ಒಂದು ಕಟ್ಟು ನೋಟ್ಸನ್ನು ನನ್ನ ಮುಂದೆ ಕುಕ್ಕಿದಳು.

"ಏನ್ರೀ ಇದು?"

ಮುಖಪುಟ ನೋಡಿದೆ. "ತುರ್ಕಿ ಸುಲ್ತಾನರ ಇತಿಹಾಸ, ಎರಡನೇ ಭಾಗ."

"ನಲವತ್ತೊಂದನೇ ಪುಟದವರೆಗೆ ಸುಲ್ತಾನರು. ಆಮೇಲೆ ಓದಿ ನೋಡಿ."

ಓದಿದೆ. ಮೇಕೆಗಳ ಕೆಚ್ಚಲು ಬಾವು, ಲಕ್ಷಣಗಳು ಮತ್ತು ಚಿಕಿತ್ಸೆ.

"ಎರಡು ಪುಟ ಬಾಯಿಪಾಠ ಮಾಡಿದ್ಮೇಲೆ ಗೊತ್ತಾಯ್ತು ನಂಗೆ. ಸುಲ್ತಾನರಿಗೂ ಕೆಚ್ಚಲಿಗೂ ಏನಪ್ಪಾ ಸಂಬಂಧ ಅಂತ ಯೋಚನೆ ಮಾಡ್ತಾ ಕೂತಿದ್ದೆ."

"ಸಂಬಂಧ ಸಿಕ್ತಾ?"

ನಗಬಾರದೆಂದು ಅವಳು ಪಟ್ಟ ಪಾಡು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತುಟಿ ಬಿಗಿಹಿಡಿದಳು, ಹುಬ್ಬು ಗಂಟಿಕ್ಕಿದಳು, ಆದರೆ ಎಡಗೆನ್ನೆ ಅವಳ ಮಾತು ಕೇಳಲಿಲ್ಲ. ಅಲ್ಲೊಂದು ಗುಳಿ ಬಿತ್ತು. ನಾನು ಅಲ್ಲೇ ಬಿದ್ದೆ.

"ಎಲ್ಲೋ ಒಬ್ಬ ಪಶುವೈದ್ಯ ಈಗ ಸುಲ್ತಾನರನ್ನ ಓದ್ತಾ ಇರ್ತಾನೆ," ಎಂದೆ.

"ಅವನ ಕೈಗೆ ಸಿಕ್ಕ ಮೇಕೆಗಳನ್ನ ದೇವರೇ ಕಾಪಾಡಬೇಕು," ಎಂದಳು ಹದೀಲ್.

ಮುಂದಿನ ಎರಡು ವರ್ಷ ಅವಳ ನೋಟ್ಸಿಗೆಲ್ಲ ನಾನೇ ಸ್ಪೈರಲ್ ಹಾಕಿದೆ, ಒಂದೊಂದು ಪುಟವನ್ನೂ ತಿರುವಿ ನೋಡಿ. ಅಂಗಡಿಯಲ್ಲಿ ನನ್ನ ಪಾಲುದಾರರಾಗಿದ್ದ ದೊಡ್ಡಪ್ಪ ಅಬೂ ಮಾಜಿದ್ ಕನ್ನಡಕದ ಮೇಲಿಂದ ನೋಡಿ ಕುಟುಕುತ್ತಿದ್ದರು. "ಗಸ್ಸಾನ್, ಬೇರೆಯವರ ಪುಟಾನೂ ಹೀಗೇ ನೋಡಿದ್ದಿದ್ರೆ ಅಂಗಡಿಗೆ ಒಳ್ಳೆ ಹೆಸರು ಬರ್ತಿತ್ತು ಕಣೋ."

ಆಮೇಲೆ ಅವಳ ಡಿಗ್ರಿ ಮುಗಿಯಿತು, ಊರಿಗೆ ಹೋದಳು. ಅವಳೂರು ಶೌಬಕ್. ದಕ್ಷಿಣದಲ್ಲಿ, ಬೆಟ್ಟದ ಮೇಲೆ, ಸೇಬಿನ ತೋಟಗಳ ನಡುವೆ. ಬಸ್ಸಿನಲ್ಲಿ ಹೋದರೆ ಇಡೀ ದಿನ ಹಾಳು. ಕಾಲೇಜಿನ ಊರಲ್ಲಿ ಅಂಗಡಿ ಇಟ್ಟವನ ಹಣೆಬರಹವೇ ಇಷ್ಟು. ನಾಲ್ಕು ವರ್ಷಕ್ಕೊಮ್ಮೆ ಊರಿಗೆ ಊರೇ ಖಾಲಿಯಾಗಿ ಮತ್ತೆ ತುಂಬುತ್ತದೆ. ಗಿರಾಕಿಗಳಿಗೆ ಯಾವಾಗ ನೋಡಿದರೂ ಇಪ್ಪತ್ತೇ ವಯಸ್ಸು, ನಮಗೆ ಮಾತ್ರ ತಲೆ ನರೆಯುತ್ತದೆ. ಇವಳೂ ಹೋದವಳು ಹೋದಳು ಎಂದುಕೊಂಡೆ.

ಎಂಟನೇ ದಿನ ಫೋನ್ ಬಂತು. "ನಮ್ಮ ಮೇಕೆಗೆ ಕೆಚ್ಚಲು ಬಾವು. ಚಿಕಿತ್ಸೆ ಏನಂತ ಬರೆದಿತ್ತು ಅಲ್ಲಿ?"

"ನಿಮ್ಮನೇಲಿ ಮೇಕೆ ಇದೆಯಾ?"

"ಇಲ್ಲ," ಎಂದಳು.

ಅದೇ ಚಳಿಗಾಲದಲ್ಲಿ ಅವಳ ಅಕ್ಕ ತೀರಿಕೊಂಡಳು. ನಲವತ್ತು ದಿನ ಫೋನಿರಲಿಲ್ಲ. ಆಮೇಲೆ ಮಾಡಿದಾಗ "ಅಕ್ಕ ಹೋದಳು" ಎಂದಷ್ಟೇ ಹೇಳಿದಳು. ನಾನು ಕೆದಕಲಿಲ್ಲ.

ನನ್ನ ಅಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಭಾನುವಾರ, ಮಂಗಳವಾರ, ಗುರುವಾರ ಡಯಾಲಿಸಿಸ್. ಅಮ್ಮ ಒಳಗೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿದರೆ ನಾನು ಹೊರಗೆ ಬೆಂಚಿನ ಮೇಲೆ. ಹದೀಲ್ ತನ್ನೂರಲ್ಲಿ ಪಾಠ ಹೇಳುವ ಶಾಲೆ ಮುಗಿಸಿ ಮನೆಗೆ ನಡೆಯುವುದೂ ಅದೇ ಹೊತ್ತು. ನಮ್ಮ ಪ್ರೇಮವೆಲ್ಲ ಆ ಕಾರಿಡಾರಿನಲ್ಲೇ ನಡೆಯಿತು. "ನನ್ನ ರಕ್ತ ತೊಳೆಯೋ ಹೊತ್ತಿಗೇ ಸರಿಯಾಗಿ ನಿಂಗೆ ಪ್ರೀತಿ ಉಕ್ಕತ್ತಲ್ಲೋ," ಎಂದು ಅಮ್ಮ ಛೇಡಿಸುತ್ತಿದ್ದಳು.

ಮದುವೆಯ ಮಾತು ಬಂತು. ಶೌಬಕ್‌ನಲ್ಲಿ ಆ ಯಂತ್ರವಿಲ್ಲ, ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ: ಅವಳು ಇರ್ಬಿದ್‌ಗೆ ಬರುವುದೋ, ಬೇಡವೋ.

"ಪ್ರೀತಿ ಬೇರೆ, ಊರು ಬೇರೆ," ಎಂದಳು. "ಪ್ರೀತಿಗೆ ಹೂಂ ಅಂದಾಗಿದೆ. ಊರಿಗೆ ಇನ್ನೂ ಅಂದಿಲ್ಲ."

ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಬಲಕ್ಕೆ "ಬರೋದು", ಎಡಕ್ಕೆ "ಬೇಡ" ಎಂದು ಬರೆದುಕೊಂಡಳು. ಫೋನಿನಲ್ಲಿ ಪೆನ್ನಿನ ಸದ್ದು ಕೇಳಿಸುತ್ತಿತ್ತು.

"ಎಂ.ಎ. ಸೇರಬಹುದು," ಎಂದೆ.

"ಬರೆದೆ."

"ಲೈಬ್ರರಿ."

"ಬರೆದೆ."

"ನಾನು."

"ನಿನ್ನ ಬರೆಯಲ್ಲ. ನಿನ್ನ ಹಾಕಿದ್ರೆ ತಕ್ಕಡಿ ಮೇಲೇಳಲ್ಲ." ಅವಳ ಗುಳಿ ನನಗೆ ಕಾರಿಡಾರಿನಲ್ಲೇ ಕಂಡಿತು. "ಈಗ ಎಡಗಡೆ. ಸೆಪ್ಟೆಂಬರ್ ಬಂದ್ರೆ ಬಾಡಿಗೆ ಏರತ್ತೆ. ರಿಸಲ್ಟ್ ಬಂದ ದಿನ ಕಾರಿನ ಹಾರ್ನಿಂದ ಕಿವಿ ಹೋಗತ್ತೆ. ಪಕ್ಕದ ಮನೆಯವರ ಹೆಸರು ಬಾಯಿಗೆ ಬರೋ ಹೊತ್ತಿಗೆ ಅವರು ಖಾಲಿ ಮಾಡಿರ್ತಾರೆ."

"ಇಷ್ಟೇನಾ?"

"ಇನ್ನೊಂದಿದೆ. ನಂಗೆ ಇಷ್ಟವಾಗಿದ್ದ ಇರ್ಬಿದ್ ಅಂದ್ರೆ ರೂಮಲ್ಲಿ ನನ್ನ ಜೊತೆಗಿದ್ದ ಹುಡುಗೀರು. ಅವರ್ಯಾರೂ ಈಗ ಅಲ್ಲಿಲ್ಲ. ಅದೇ ಬೀದೀಲಿ ಬೇರೆ ಹುಡುಗೀರು ನಗ್ತಾ ಹೋಗ್ತಿರ್ತಾರೆ. ಅದನ್ನ ನೋಡ್ಕೊಂಡು ಇರೋಕಾಗತ್ತಾ?"

ನಾನು ಹುಟ್ಟಿದಾಗಿನಿಂದ, ಇಪ್ಪತ್ತೊಂಬತ್ತು ವರ್ಷ, ಅದನ್ನೇ ನೋಡಿಕೊಂಡು ಇದ್ದೆ. ಹಾಗೆಂದು ಹೇಳಲಿಲ್ಲ. "ಇಲ್ಲಿ ನೀನು ಯಾರ ಮಗಳು ಅಂತ ಯಾರೂ ಕೇಳಲ್ಲ," ಎಂದೆ.

ಪೆನ್ನು ಎರಡು ಸಲ ಗೀಚಿದ ಸದ್ದು ಬಂತು.

"ಬರೆದ್ಯಾ? ಯಾವ ಕಡೆ?"

"ಎರಡೂ ಕಡೆ," ಎಂದಳು.

ಹೀಗೆ ಎಂಟು ತಿಂಗಳು. ಒಂದು ವಾರ ಬಲಗಡೆ ತೂಕ, ಮರುವಾರ ಎಡಗಡೆ. ನಾನು ಅವಸರ ಮಾಡಲಿಲ್ಲ, ಅಷ್ಟು ಮಾತ್ರ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬಹುದು. ಮಾರ್ಚ್ ತಿಂಗಳ ಒಂದು ಗುರುವಾರ ಅವಳು ಹೆಚ್ಚು ಮಾತಾಡದೆ ಹೇಳಿದಳು: "ಬಾ. ದೊಡ್ಡವರನ್ನ ಕರ್ಕೊಂಡು ಬಂದು ಅಪ್ಪನ್ನ ಕೇಳು."

ಒಳಗೋಡಿ ಅಮ್ಮನಿಗೆ ಹೇಳಿದೆ. ಸೂಜಿ ಚುಚ್ಚದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಅಮ್ಮ ಮದುವೆಮನೆಯ ಹೆಂಗಸರು ಹಾಕುವ ಸಂಭ್ರಮದ ಕೂಗು ಹಾಕಿದಳು. ಏನಾಯಿತೋ ಎಂದು ನರ್ಸ್ ಓಡಿ ಬಂದಳು.

ಮರುವಾರದ ಶುಕ್ರವಾರ ದೊಡ್ಡಪ್ಪ, ಅವರ ಇಬ್ಬರು ಗೆಳೆಯರು, ನಾನು ಶೌಬಕ್‌ಗೆ ಹೋದೆವು. ಹದೀಲ್‌ಳ ತಂದೆ ಅಬೂ ರಾಕಾನ್ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಒಲೆಯ ಸುತ್ತ ಹಾಸಿದ ಹಾಸಿಗೆಗಳ ಮೇಲೆ ನಮ್ಮನ್ನು ಕೂರಿಸಿ ತಾವೇ ಕಾಫಿ ಬಗ್ಗಿಸಿ ಕೊಟ್ಟರು. ಒಳಬಾಗಿಲ ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಯಾರವೆಂದು ನನಗೆ ಗೊತ್ತಿತ್ತು.

ನಮ್ಮಲ್ಲಿ ಹೆಣ್ಣು ಕೇಳಲು ಬಂದವನು ಕಾಫಿ ಕುಡಿಯುವುದಿಲ್ಲ. ಬಟ್ಟಲನ್ನು ಮುಂದಿಟ್ಟುಕೊಂಡು ಕೂರುತ್ತಾನೆ. "ನೀವು ಕೇಳಿದ್ದನ್ನು ಕೊಟ್ಟೆ, ಕಾಫಿ ಕುಡಿಯಿರಿ" ಎಂದು ಮನೆಯ ಯಜಮಾನ ಹೇಳಿದ ಮೇಲೆಯೇ ಮೊದಲ ಗುಟುಕು. ಅದಕ್ಕೂ ಮುಂಚೆ ಕುಡಿದನೆಂದರೆ ತನಗೇನೂ ಬೇಕಿಲ್ಲ, ಬಂದದ್ದು ಸುಮ್ಮನೆ ಎಂದು ಅರ್ಥ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಮಕ್ಕಳಿಗೂ ಗೊತ್ತು.

ನಾವು ನಾಲ್ವರೂ ಬಟ್ಟಲು ಕೆಳಗಿಟ್ಟೆವು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ದೇವರ ಹೆಸರು ಹೇಳಿ, ಹುಡುಗಿಯನ್ನು ಕೇಳಿದರು. ಮದುವೆಯಾದ ಮೇಲೆ ಮನೆ ಇರ್ಬಿದ್‌ನಲ್ಲಿ ಎಂದೂ ಹೇಳಿದರು.

ಅಬೂ ರಾಕಾನ್ ನನ್ನ ಕಡೆ ತಿರುಗಿದರು. "ಮಗನೇ, ಅದಕ್ಕೆ ಮೊದಲು ನಿಂಗೊಂದು ವಿಷಯ ಹೇಳಬೇಕು. ಇಬ್ತಿಸಾಮ್ ಅಂತ ನಂಗೊಬ್ಬಳು ದೊಡ್ಡ ಮಗಳಿದ್ದಳು. ದೂರದ ಝರ್ಕಾ ಊರಿಗೆ ಕೊಟ್ಟಿದ್ದೆ. ಒಳ್ಳೇ ಜನ, ಅವರನ್ನ ದೂರಲ್ಲ. ಹೆರಿಗೇಲಿ ಹೋದಳು. ಬೆಳಿಗ್ಗೆ ಫೋನ್ ಬಂತು. ಆವತ್ತು ಇಲ್ಲಿ ಮೊಣಕಾಲುದ್ದ ಹಿಮ. ರಸ್ತೆ ಬಿಡಿಸೋ ಹೊತ್ತಿಗೆ ಮಧ್ಯಾಹ್ನ ಆಯ್ತು. ಸತ್ತವರನ್ನ ಕಾಯಿಸಬಾರದು, ಅವರು ಧರ್ಮದ ಪ್ರಕಾರವೇ ಮಾಡಿದ್ರು. ನಾನು ಹೋದಾಗ ಮಣ್ಣು ಮಾಡಿ ಆಗಿತ್ತು. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಹೊಸ ಗೋರಿ ಇದ್ದವು. ನನ್ನ ಮಗಳದು ಯಾವುದು ಅಂತ ಯಾರನ್ನೋ ಕೇಳಬೇಕಾಯ್ತು ನಾನು."

ದೊಡ್ಡಪ್ಪ ಅವಳಿಗಾಗಿ ಮೆಲ್ಲಗೆ ಪ್ರಾರ್ಥನೆ ಹೇಳಿದರು.

"ಇವಳನ್ನ ಶೌಬಕ್ ದಾಟಿಸಲ್ಲ ಅಂತ ಆವತ್ತೇ ಅಂದ್ಕೊಂಡಿದ್ದೆ," ಎಂದರು. ಅಷ್ಟು ಹೇಳಿ ಒಲೆಯ ಕಡೆ ಬಗ್ಗಿ ಕಟ್ಟಿಗೆಯೊಂದನ್ನು ಒಳಗೆ ತಳ್ಳತೊಡಗಿದರು.

ಆ ಸ್ವಲ್ಪ ಹೊತ್ತಿನಲ್ಲಿ ನನ್ನ ತಲೆಯೊಳಗೆ ಎಂಟು ತಿಂಗಳ ಪಟ್ಟಿ ಓಡಿತು. ಬಾಡಿಗೆ ಬರೆದಿದ್ದಳು, ಹಾರ್ನ್ ಬರೆದಿದ್ದಳು, ಇದೊಂದನ್ನು ಬರೆದಿರಲಿಲ್ಲ. ಬರೆಯಲು ಕೈ ಬಂದಿಲ್ಲ, ಪಾಪ, ಎಂದುಕೊಂಡೆ. ಈ ಮನುಷ್ಯನ ಕೈಯಿಂದ ಇನ್ನೊಬ್ಬ ಮಗಳನ್ನೂ ಕಿತ್ತುಕೊಂಡು ಹೋಗಲು ನಾನ್ಯಾರು ಎಂದುಕೊಂಡೆ. ಅವರ ಮೇಲೆ ಮರುಕವಿತ್ತು, ನಿಜ. ಆದರೆ ಈಗ ಒಪ್ಪಿಕೊಳ್ಳುತ್ತೇನೆ, ಅಷ್ಟೇ ಜಂಬವೂ ಇತ್ತು. ಎಂಥ ಒಳ್ಳೆಯ ಹುಡುಗ ನಾನು ಎಂಬ ಜಂಬ.

ಬಟ್ಟಲನ್ನೆತ್ತಿ ಕುಡಿದುಬಿಟ್ಟೆ.

ದೊಡ್ಡಪ್ಪ ನನ್ನ ತೊಡೆ ಹಿಂಡಿದ್ದು ಆಮೇಲೆ. ಅಬೂ ರಾಕಾನ್ ತಿರುಗಿ ನೋಡಿದರು. ನನ್ನ ಮುಖವನ್ನಲ್ಲ, ಖಾಲಿ ಬಟ್ಟಲನ್ನು. ಏನೋ ಹೇಳಲು ತೆರೆದ ಬಾಯನ್ನು ಮುಚ್ಚಿಕೊಂಡರು.

"ಒಳ್ಳೇದಾಗಲಿ, ಮಗನೇ," ಎಂದರು ಕೊನೆಗೆ. ಎದ್ದು ಎಲ್ಲರ ಬಟ್ಟಲಿಗೂ ಬಿಸಿ ಕಾಫಿ ಬಗ್ಗಿಸಿದರು, ದಾರಿಹೋಕ ಅತಿಥಿಗಳಿಗೆ ಬಗ್ಗಿಸುವಂತೆ. ಆಮೇಲೆ ಈ ವರ್ಷದ ಸೇಬಿನ ಹೂವಿನ ಬಗ್ಗೆ ಮಾತಾಡಿದರು. ಪರದೆಯ ಕೆಳಗೆ ಪಾದಗಳು ಇರಲಿಲ್ಲ.

ವಾಪಸು ಬರುವಾಗ ಕತ್ರಾನಾ ಎಂಬ ಊರು ದಾಟುವವರೆಗೂ ದೊಡ್ಡಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ಆಮೇಲೆ, "ಕೇಳೋನು ನಾನು. ನೀನ್ಯಾವನೋ ಕುಡಿಯೋಕೆ?" ಎಂದರು.

"ಅವರ ಸಂಕಟ ನೋಡೋಕಾಗಲಿಲ್ಲ ದೊಡ್ಡಪ್ಪ."

"ಕತ್ತೆ," ಎಂದರು. ಬಯ್ಯುವ ದನಿಯಲ್ಲಲ್ಲ, ಅಳುವ ದನಿಯಲ್ಲಿ.

ಭಾನುವಾರ ಕಾರಿಡಾರಿನಲ್ಲಿ ಫೋನ್ ಬಂತು. ಹದೀಲ್ ನನ್ನನ್ನು ಅರ್ಥ ಮಾಡಿಕೊಂಡಿರುತ್ತಾಳೆ, ಅಳುತ್ತಾ ಹೊಗಳುತ್ತಾಳೆ ಎಂದೇ ನಾನು ಎತ್ತಿದ್ದು.

"ಯಾಕೆ ಕುಡಿದೆ?"

"ನಿಮ್ಮಪ್ಪ ಅಷ್ಟು ಹೇಳಿದ್ಮೇಲೆ ನಾನು ಹೇಗೆ..."

"ಅಪ್ಪ ಮಾತು ಮುಗಿಸಿರಲಿಲ್ಲ."

ನಾನು ಬೆಂಚಿನಿಂದ ಎದ್ದು ನಿಂತೆ.

"ಮುಂದಿನ ಮಾತು ಏನು ಗೊತ್ತಾ? ನಂಗೆ ಗೊತ್ತು. ಮೂರು ದಿನದಿಂದ ತೋಟದಲ್ಲಿ ಒಬ್ಬರೇ ಹೇಳ್ಕೊಂಡು ಅಭ್ಯಾಸ ಮಾಡ್ತಿದ್ರು. 'ಆದ್ರೆ ಇವಳು ಹೋಗ್ತೀನಿ ಅಂತಾಳೆ, ಕಟ್ಟಿಹಾಕಲ್ಲ ನಾನು. ಒಂದೇ ಒಂದು ಮಾತು ಕೊಡು. ಏನೇ ಆಗಲಿ, ನಾನು ಬರೋ ತನಕ ಕಾಯ್ತೀನಿ ಅಂತ ಹೇಳು. ಹೇಳಿ ಕಾಫಿ ಕುಡಿ.' ಇಷ್ಟೇ ಗಸ್ಸಾನ್. ಇಷ್ಟೇ ಇದ್ದದ್ದು."

ಒಳಗೆ ಯಂತ್ರದ ಸದ್ದು ಕೇಳುತ್ತಿತ್ತು. ನನಗೆ ಹೇಳಲು ಸಿಕ್ಕಿದ್ದು ಒಂದು ದರಿದ್ರ ಮಾತು. "ನೀನು ಪಟ್ಟೀಲಿ ಇದನ್ನ ಬರೆದೇ ಇರ್ಲಿಲ್ಲ."

"ಅದು ನಂದು. ನಿಂಗೂ ನಂಗೂ ಸೇರಿದ್ದಲ್ಲ, ಅದಕ್ಕೇ ಬರೀಲಿಲ್ಲ. ಅಕ್ಕನ ಬಟ್ಟೆಬರೆ ಗಂಟು ಕಟ್ಟಿ ಕಳಿಸಿದ್ರಲ್ಲ, ಬಿಚ್ಚಿದ್ದು ನಾನು. ಅಪ್ಪ ಒಂದು ವರ್ಷ ಫೋನ್ ಶಬ್ದಕ್ಕೆ ಬೆಚ್ಚಿಬೀಳೋದನ್ನ ನೋಡಿದ್ದು ನಾನು. ಬಾಡಿಗೆ, ಹಾರ್ನು ಎಲ್ಲ ನಿನ್ನ ಜೊತೆ ಮಾತಾಡೋಕೆ ನೆಪ. ಎಂಟು ತಿಂಗಳು ಇದೊಂದನ್ನೇ ತೂಗಿದೆ. ತೂಗಿ, ಅಪ್ಪನ್ನ ಒಪ್ಪಿಸಿ, ಬರ್ತೀನಿ ಅಂದೆ." ಅವಳ ದನಿ ಒಡೆಯಿತು. "ನೀನು ಕಾಫಿ ಆರೋದ್ರೊಳಗೆ ನನ್ನ ಪರವಾಗಿ ತೂಗಿಬಿಟ್ಟೆ."

ಬೆಂಚಿನ ಮೇಲೆ ಕೂತು ನಾನು ಅತ್ತೆ. ಎದುರಿಗೆ ಕೂತಿದ್ದ ಯಾರದೋ ಅಜ್ಜಿ ಒಳಗೆ ಸಾವಾಗಿದೆ ಎಂದುಕೊಂಡು ನನ್ನ ತಲೆ ಸವರಿದಳು.

ದೊಡ್ಡಪ್ಪ ಮತ್ತೆರಡು ಸಲ ಶೌಬಕ್‌ಗೆ ಹೋದರು, ದೊಡ್ಡ ದೊಡ್ಡ ಮನುಷ್ಯರನ್ನು ಕಟ್ಟಿಕೊಂಡು. ಅಬೂ ರಾಕಾನ್ ಬೇಸರ ತೋರಿಸಲಿಲ್ಲ. ಕುರಿ ಕಡಿದು ಊಟ ಹಾಕಿದರು. ಮದುವೆಯ ಮಾತೆತ್ತಿದರೆ ಒಂದೇ ಉತ್ತರ. "ಹುಡುಗ ತಾನೇ ಕುಡಿದ, ನಾನು ಕುಡಿಸಲಿಲ್ಲ. ದುಃಖದ ಕತೆ ಕೇಳಿ ಹಿಂದೆ ಸರಿದವನು, ದುಃಖ ಬಂದಾಗ ನನ್ನ ಮಗಳ ಜೊತೆ ನಿಲ್ತಾನೆ ಅಂತ ಹೇಗೆ ನಂಬಲಿ?" ನಾನು ಹಿಂದೆ ಸರಿಯಲಿಲ್ಲ ಎಂದು ಅವರಿಗೆ ತಿಳಿಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಾನು ಕುಡಿದದ್ದನ್ನು ನಾಲ್ಕು ಜನ ನೋಡಿದ್ದರು.

ಜೂನ್‌ನಲ್ಲಿ, ಶಾಲೆಗೆ ರಜೆ ಬಿಡುವ ಹಿಂದಿನ ದಿನ, ಹದೀಲ್ ಕೊನೆಯ ಸಲ ಫೋನ್ ಮಾಡಿದಳು. ಸಿಟ್ಟು ಇಳಿದಿತ್ತು. ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು.

"ಅಮ್ಮ ಹೇಗಿದಾರೆ?"

"ಚೆನ್ನಾಗಿದಾಳೆ. ನಿನ್ನ ಕೇಳ್ತಿರ್ತಾಳೆ."

"ನೀರು ಜಾಸ್ತಿ ಕುಡಿಯೋಕೆ ಬಿಡಬೇಡ. ಬಿಸಿಲು ಅಂತ ಕದ್ದು ಕುಡೀತಾರೆ."

"ಹೂಂ." ಆಮೇಲೆ ಕೇಳಿದೆ, "ಎಂ.ಎ.?"

"ನೋಡೋಣ. ಇರ್ಬಿದ್ ಬಿಟ್ಟು ಬೇರೆ ಎಲ್ಲಾದ್ರೂ."

"ಹದೀಲ್, ನಾನು ಆವತ್ತು ನಿನ್ನ ಬೇಡ ಅಂದಿದ್ದಲ್ಲ."

"ಗೊತ್ತು. ನಂಗೊಬ್ಬಳಿಗೇ ಗೊತ್ತು." ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಇನ್ನು ನೀನು ಫೋನ್ ಮಾಡಬೇಡ."

"ಯಾವಾಗಾದ್ರೂ ಒಂದು ಸಲ..."

"ಬೇಡ ಗಸ್ಸಾನ್. ಮಾಡಿದ್ರೆ ನಾನು ಎತ್ತಿಬಿಡ್ತೀನಿ."

ಎರಡು ವರ್ಷವಾಯಿತು. ಅವಳ ಮಾತಿನ ಮೇಲೆ ನನಗೆ ಎಷ್ಟು ನಂಬಿಕೆಯೆಂದರೆ, ಇದುವರೆಗೂ ನಾನು ಮಾಡಿಲ್ಲ.